ದುರ್ಬೀನು ಕಂಡ ನವರಂಗ

ನಾನು ಒಂದು ದುರ್ಬೀನು. ಎರಡು ಕೊಳವೆ, ನಡುವೆ ಒಂದು ತಿರುಗಣೆ, ತೂಗುಹಾಕಿಕೊಳ್ಳಲು ಚರ್ಮದ ಪಟ್ಟಿ. ನಾನು ಹುಟ್ಟಿದ ಕಾರ್ಖಾನೆಯಲ್ಲಿ ಗಾಜು ಉಜ್ಜುವವರೊಬ್ಬರು ಮೊದಲ ಸಲ ನನ್ನನ್ನು ಕಣ್ಣಿಗಿಟ್ಟು ಕಿಟಕಿಯಾಚೆ ನೋಡಿದರು. ಎದುರು ಮನೆಯ ತಂತಿಯ ಮೇಲೆ ಒಂದು ಅಂಗಿ ಒಣಗುತ್ತಿತ್ತು. ಅದರ ಗುಂಡಿಗಳನ್ನು ಎಣಿಸುವಷ್ಟರಲ್ಲಿ ನನ್ನನ್ನು ಡಬ್ಬಿಯೊಳಗೆ ಮುಚ್ಚಿಬಿಟ್ಟರು. ಅಂದು ಹತ್ತಿದ ಚಡಪಡಿಕೆ ಇಂದಿಗೂ ಹೋಗಿಲ್ಲ.

ಮೊದಲು ನನ್ನನ್ನು ಕೊಂಡವರು ವಾಮನರಾಯರು, ಕುದುರೆ ರೇಸಿನ ಹುಚ್ಚಿನವರು. ಕುದುರೆ ಓಡಿದತ್ತ ನಾನೂ ಓಡಬೇಕು. ಅವರ ಕೈ ನಡುಗಿದರೆ ನನಗೆ ಇಡೀ ಮೈದಾನವೇ ನಡುಗುತ್ತಿತ್ತು. ನಿಂತು ನೋಡುವ ಗುಣ ನನಗೆ ಬರಲೇ ಇಲ್ಲ, ಅದಕ್ಕೆ ಅವರೇ ಕಾರಣ. ವಯಸ್ಸಾದ ಮೇಲೆ ಅವರು ನನ್ನನ್ನು ಧಾರವಾಡದಲ್ಲಿದ್ದ ಅಣ್ಣನ ಮಗಳು ಇಂದುಮತಿಯ ಕೈಗೆ ಕೊಟ್ಟರು. "ನನಗ ಕುದುರಿ ಸಾಕಾದ್ವು ತಂಗೀ. ನೀ ಹಕ್ಕಿ ನೋಡು" ಎಂದರು.

ಇಂದುಮತಿ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದರು. ಆ ಕಡೆ ಶಿಕ್ಷಕಿಯನ್ನು ಅಕ್ಕೋರು ಎನ್ನುತ್ತಾರೆ. ನಿವೃತ್ತರಾದರೂ ಅವರು ಊರಿಗೆಲ್ಲ ಅಕ್ಕೋರೇ. ಭಾನುವಾರ ಬೆಳಗಾಯಿತೆಂದರೆ ನನ್ನನ್ನು ಕೊರಳಿಗೆ ಹಾಕಿಕೊಂಡು ಊರಾಚೆಯ ತುಂಬೆಹಳ್ಳಕ್ಕೆ ನಡೆದುಬಿಡುವರು. ಜೊತೆಗೆ ಮೌನೇಶ. ಅವರ ಹಳೆಯ ವಿದ್ಯಾರ್ಥಿ, ಕೈಗಡಿಯಾರ ರಿಪೇರಿಯವನು, ಅರ್ಧ ತಲೆ ನೆರೆತವನು. ಅಕ್ಕೋರದ್ದೊಂದು ಕಟ್ಟುನಿಟ್ಟು ಇತ್ತು. ಹೂವಿರಲಿ, ಚಿಟ್ಟೆಯಿರಲಿ, ಹಕ್ಕಿಯಿರಲಿ, ಇಬ್ಬರೂ ಕಂಡರೆ ಮಾತ್ರ ವಹಿಯಲ್ಲಿ ಬರೆಯುವುದು. ಒಬ್ಬರೇ ಕಂಡದ್ದು ಎಷ್ಟೇ ಅಪರೂಪದ್ದಾಗಿರಲಿ, ಬರೆಯುವಂತಿಲ್ಲ.

ಎಂಥ ದಿನಗಳವು! ದಂಡೆಯ ತುಂಬ ಬಿಳಿ ತುಂಬೆ, ಬೇಲಿಯ ಮೇಲೆ ಬೆಂಕಿ ಹೊತ್ತಿದಂತೆ ಗೌರಿಹೂ. ತುಂಬೆಗೆ ಮುತ್ತಿದ ಹಳದಿ ಚಿಟ್ಟೆಗಳ ಮೇಲೆ ಕಣ್ಣು ನಿಲ್ಲಿಸೋಣವೆಂದರೆ ಅಷ್ಟರಲ್ಲಿ ಮಿಂಚುಳ್ಳಿ ನೀರಿಗೆ ಬಿದ್ದು ಎದ್ದಿರುತ್ತಿತ್ತು. ಅದರ ಬೆನ್ನು ಹತ್ತಿದರೆ ಇತ್ತ ಕೆಂಬೂತ ಪೊದೆಯೊಳಗೆ ಮಾಯ. ನನಗಂತೂ ಒಂದನ್ನು ಹಿಡಿದರೆ ಇನ್ನೊಂದು ತಪ್ಪಿತೆಂಬ ಸಂಕಟ. ಅಕ್ಕೋರಿಗಿದ್ದ ಸಂಕಟ ಒಂದೇ, ನವರಂಗ. ಹಸಿರು ಬೆನ್ನು, ಹಳದಿ ಹೊಟ್ಟೆ, ಬಾಲದ ಬುಡದಲ್ಲಿ ಕೆಂಪು. ದಸರೆಯ ಹೊತ್ತಿಗೆ ಈ ದಾರಿಯಲ್ಲೇ ಹಾದುಹೋಗುವ ಆ ಹಕ್ಕಿ ವರ್ಷಗಟ್ಟಲೆ ಕಾದರೂ ತುಂಬೆಹಳ್ಳದಲ್ಲಿ ಅವರ ಕಣ್ಣಿಗೆ ಬಿದ್ದಿರಲಿಲ್ಲ.

ಮೂರು ವರ್ಷದ ಹಿಂದೆ ಅಕ್ಕೋರು ನನ್ನ ಮೇಲೆ ತಪ್ಪು ಹೊರಿಸಲಾರಂಭಿಸಿದರು. "ಮೌನೇಶ, ಇದರ ಗಾಜಿನಾಗ ಮಂಜು ಕೂತದ. ನಡುವ ಕಾಣವಲ್ದು" ಎಂದರು. ಅವನು ಅಂಗಡಿಯಲ್ಲಿ ನನ್ನನ್ನು ಬಿಚ್ಚಿ ನೋಡಿದ. ಮಂಜೂ ಇಲ್ಲ, ಮಣ್ಣೂ ಇಲ್ಲ. ಅವನ ಮುಖ ಸಪ್ಪಗಾಯಿತು. ಮಂಜು ಇದ್ದದ್ದು ಅವರ ಕಣ್ಣಲ್ಲಿ. ಆದರೂ ಅವನು ನನ್ನ ಒಳಗನ್ನೆಲ್ಲ ತಿಕ್ಕಿ, ತಿರುಪು ಬಿಗಿದು, "ಕ್ಲೀನ್ ಮಾಡೇನ್ರಿ ಅಕ್ಕೋರ" ಎಂದು ಮರಳಿ ಕೊಟ್ಟ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುವುದು ಇದಕ್ಕೇ. ಆಗ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಆಮೇಲೆ ಸುಳ್ಳು ಶುರುವಾಯಿತು. ಅಕ್ಕೋರು ಒಣ ಎಲೆಯನ್ನು ಮರಕುಟಿಗ ಎನ್ನುವರು, ಮೌನೇಶ "ಹೌದ್ರಿ, ಕಂಡೆ" ಎನ್ನುವನು. ವಹಿ ತುಂಬುತ್ತಿತ್ತು. ನಾನು ಎಲೆಯನ್ನು ಎಲೆಯಾಗಿಯೇ ತೋರಿಸುತ್ತಿದ್ದೆ. ಬಾಯಿಲ್ಲದವನು ಇನ್ನೇನು ಮಾಡಲಿ?

ಕಳೆದ ದಸರೆಯ ಮರುವಾರ ಅಕ್ಕೋರು ಉಸಿರು ಬಿಗಿಹಿಡಿದು ನನ್ನನ್ನು ಒತ್ತಿಕೊಂಡರು. "ನವರಂಗ! ಆ ಲಂಟಾನಾ ಕಂಟಿ ಬುಡಕ, ನೋಡೋ!" ಬುಡದಲ್ಲಿ ಸಿಕ್ಕಿಕೊಂಡಿದ್ದದ್ದು ಯಾರೋ ತಿಂದೆಸೆದ ಚಿಪ್ಸ್ ಪೊಟ್ಟಣ. ಹಸಿರು, ಹಳದಿ, ಅಂಚಿಗೆ ಕೆಂಪು. ಮೌನೇಶ ಪೊಟ್ಟಣವನ್ನು ನೋಡಿದ, ಅಕ್ಕೋರ ಮುಖವನ್ನು ನೋಡಿದ. ಆ ಮುಖ ಹಬ್ಬದ ಮನೆಯಂತಿತ್ತು. "ಕಂಡೆ ಅಕ್ಕೋರ" ಎಂದುಬಿಟ್ಟ.

ಸುದ್ದಿ ಹುಬ್ಬಳ್ಳಿಗೆ ಮುಟ್ಟಿತು. ಅಲ್ಲಿನ ಕಾಲೇಜಿನ ಉಪನ್ಯಾಸಕಿ ರುಕ್ಸಾನಾ ಜಿಲ್ಲೆಯ ಹಕ್ಕಿಗಳ ಪುಸ್ತಕ ಸಿದ್ಧಪಡಿಸುತ್ತಿದ್ದರು. ಅಕ್ಕೋರ ಮೂವತ್ತು ವರ್ಷದ ವಹಿಯನ್ನು ನಂಬಿ ತುಂಬೆಹಳ್ಳದ ಅಧ್ಯಾಯವನ್ನು ಬರೆಯುವವರಿದ್ದರು. ಮುಂದಿನ ಭಾನುವಾರವೇ ಉದ್ದ ಮೂತಿಯ ಕ್ಯಾಮೆರಾ ಹಿಡಿದು ಬಂದರು. ಅಕ್ಕೋರು ಮುಂದೆ ಮುಂದೆ ನಡೆದರು. ಮೌನೇಶನ ಕಾಲು ಹಿಂದೆ ಹಿಂದೆ. ಅಕ್ಕೋರ ಎದೆಯ ಮೇಲೆ ಕುಣಿಯುತ್ತಲೇ ನಾನು ದೂರದಿಂದ ಕಂಟಿಯ ಬುಡವನ್ನು ನೋಡಿದೆ. ಪೊಟ್ಟಣ ಇನ್ನೂ ಅಲ್ಲೇ ಇತ್ತು.

"ಅಗೋ!" ಎಂದರು ಅಕ್ಕೋರು. ರುಕ್ಸಾನಾ ಕ್ಯಾಮೆರಾ ಎತ್ತುವ ಮೊದಲೇ ಮೌನೇಶ ಬಾಯಿಬಿಟ್ಟ.

"ಅದು ಹಕ್ಕಿ ಅಲ್ರಿ ಅಕ್ಕೋರ. ಚಿಪ್ಸಿನ ಪ್ಯಾಕೀಟು."

"ಮತ್ತ ಅವತ್ತ ಕಂಡೆ ಅಂದ್ಯಲ್ಲೋ?"

"ನಿಮ್ಮ ಮಾರಿ ನೋಡಿ ಅಂದೆ."

"ಎಷ್ಟ ದಿನದಿಂದ ಹಿಂಗ?"

"ಎರಡು ವರ್ಷ ಆತ್ರಿ."

ಅಕ್ಕೋರು ಬಂಡೆಯ ಮೇಲೆ ಕುಸಿದು ಕೂತರು. ಅವರ ಬೆರಳು ನನ್ನ ತಿರುಗಣೆಯನ್ನು ಸುಮ್ಮನೆ ಆ ಕಡೆ ಈ ಕಡೆ ತಿರುಗಿಸುತ್ತಿತ್ತು. ರುಕ್ಸಾನಾ ಮೆಲ್ಲಗೆ, "ನಾ ಇನ್ನೊಮ್ಮೆ ಬರ್ತೀನ್ರಿ ಮೇಡಂ" ಎಂದರು.

"ಬ್ಯಾಡವ್ವಾ, ಕೂಡು. ಸುಳ್ಳು ಪುಸ್ತಕಕ್ಕ ಹೋಗಬಾರದು" ಎಂದವರೇ ವಹಿ ತೆರೆದರು. "ಮೌನೇಶ, ಓದು. ನೀ ಖರೇ ಕಂಡಿದ್ದು ಬಿಟ್ಟು ಎಲ್ಲಾ ಹೊಡದ ಹಾಕು."

ಅವನು ಓದುತ್ತ, ಕಣ್ಣೊರೆಸಿಕೊಳ್ಳುತ್ತ ನಲವತ್ತೊಂದು ಗೆರೆ ಎಳೆದ. ಮುಗಿದ ಮೇಲೆ ಅಕ್ಕೋರು ನನ್ನನ್ನು ಕೊರಳಿಂದ ತೆಗೆದು ಅವನಿಗೆ ಹಾಕಿದರು. ನಿಜ ಹೇಳುತ್ತೇನೆ, ನನ್ನ ಹಳೆಯ ಸಿಟ್ಟು ಆ ಗಳಿಗೆಯಲ್ಲೇ ಇಳಿದುಹೋಯಿತು. ಅವರನ್ನು ಬಿಡಲು ನನಗೆ ಮನಸ್ಸಿರಲಿಲ್ಲ.

ಈಗ ನನಗೂ ವಯಸ್ಸಾಗಿದೆ. ಪಟ್ಟಿ ಬಿರುಕು ಬಿಟ್ಟಿದೆ, ತಿರುಗಣೆ ಸಡಿಲ. ವಾರವೆಲ್ಲ ಗಡಿಯಾರದಂಗಡಿಯ ಮೊಳೆಗೆ ನೇತುಬಿದ್ದು, ನೂರು ಮುಳ್ಳುಗಳು ಟಿಕ್ ಟಿಕ್ ಎನ್ನುವುದನ್ನು ಕೇಳುತ್ತ ಭಾನುವಾರಕ್ಕೆ ಒದ್ದಾಡುತ್ತೇನೆ. ಹಳ್ಳದ ದಂಡೆಯಲ್ಲಿ ಅಕ್ಕೋರು ಕಿವಿಗೊಟ್ಟು ದನಿ ಬಂದ ದಿಕ್ಕನ್ನು ಕೋಲಿನಿಂದ ತೋರಿಸುತ್ತಾರೆ, ಮೌನೇಶ ನನ್ನನ್ನು ಅತ್ತ ತಿರುಗಿಸುತ್ತಾನೆ.

ಹೋದ ವಾರ ಪೊದೆಯೊಳಗಿಂದ ಎರಡು ಸ್ವರದ ಸಿಳ್ಳು ಕೇಳಿತು. ಅಕ್ಕೋರ ಕೋಲು ಥಟ್ಟನೆ ಅತ್ತ ತಿರುಗಿತು. "ನವರಂಗದ ದನಿ ಅದು. ನೋಡು, ನೋಡು!" ನಾನು ಹುಡುಕಿದೆ. ಎಲೆ, ನೆರಳು, ಅಲುಗಿದ ಒಂದು ಕಡ್ಡಿ. ಅಷ್ಟೇ. ಮೌನೇಶ ತುಂಬ ಹೊತ್ತು ನೋಡಿ, ಕೊನೆಗೆ ನನ್ನನ್ನು ಇಳಿಸಿದ.

"ಕಾಣಲಿಲ್ರಿ ಅಕ್ಕೋರ."

ಅಕ್ಕೋರು ಅವನ ಭುಜ ಹುಡುಕಿ ಕೈಯಿಟ್ಟರು. "ಹಂಗಾರ ಬರೀಬ್ಯಾಡ" ಎಂದು ನಕ್ಕರು.