ಒಂದೇ ಹೆಸರಿನ ಎರಡು ಎಕ್ಸ್‌ರೇ

ಕಂಪ್ಯೂಟರ್ ತಪ್ಪು ಮಾಡಿತು ಎಂದು ಯಾರಾದರೂ ಹೇಳಿದರೆ ನನಗೆ ಪಿತ್ತ ನೆತ್ತಿಗೇರುತ್ತದೆ. ಹನ್ನೊಂದು ವರ್ಷದಿಂದ ಜಾವಾದಲ್ಲಿ ಪ್ರೋಗ್ರಾಂ ಬರೆಯುತ್ತಿದ್ದೇನೆ. ತಪ್ಪು ಮಾಡುವವರು ನಾವೇ. ಆ ಮಂಗಳವಾರವೂ ಅದೇ ಸಿಟ್ಟಿನಲ್ಲಿ ದೇರೆಬೈಲಿನ ನಮ್ಮ ಆಫೀಸಿನಿಂದ ಪಣಂಬೂರು ದಾರಿಯ ತಪಾಸಣಾ ಕೇಂದ್ರಕ್ಕೆ ಹೋದೆ. ಗಲ್ಫಿಗೆ ಹೊರಟವರ ಎದೆಯ ಎಕ್ಸ್‌ರೇ ತೆಗೆಯುವ ಜಾಗ ಅದು. ಯಂತ್ರ ಕಳಿಸುವ ಚಿತ್ರಗಳನ್ನು ಪಡೆದು ಡಾಕ್ಟರ ಪರದೆಗೆ ಮುಟ್ಟಿಸುವ ಸಣ್ಣ ಎಫ್‌ಟಿಪಿ ಸರ್ವರನ್ನು ಅವರ ಸಾಫ್ಟ್‌ವೇರಿನ ಒಳಗೇ ಕೂರಿಸಿದವಳು ನಾನು.

"ಬೆನಿಟಾ, ಲಾಗಿನ್ ಆಗ್ತದೆ, ಫೋಟೋ ಮಾತ್ರ ಹೋಗುವುದಿಲ್ಲ. ಎಂತ ಮಾರಾಯ್ತಿ ಇದು?" ಎಂದ ಎಕ್ಸ್‌ರೇ ತೆಗೆಯುವ ಡೆನ್ಜಿಲ್.

ಕಾರಣ ಹತ್ತು ನಿಮಿಷದಲ್ಲಿ ಸಿಕ್ಕಿತು. ಹೊಸ ರೌಟರ್ ಹಾಕಿದವರು ಲಾಗಿನ್ನಿನ ಪೋರ್ಟನ್ನಷ್ಟೇ ತೆರೆದು, ಕಡತಗಳು ಬರುವ ಪೋರ್ಟುಗಳನ್ನು ಮುಚ್ಚಿಬಿಟ್ಟಿದ್ದರು. ತೆರೆಸಿದೆ. ಅಷ್ಟಕ್ಕೇ ಎದ್ದು ಬರಬಹುದಿತ್ತು. ಯಾವುದಾದರೂ ಕಳೆದುಹೋಗಿದೆಯೇ ಎಂದು ನೋಡಲು ಬಂದದ್ದೆಲ್ಲ ದಾಖಲಾಗುವ ಸರ್ವರಿನ ಲಾಗನ್ನೂ ಚಿತ್ರಗಳ ಫೋಲ್ಡರನ್ನೂ ತಾಳೆ ಹಾಕಿದೆ. ಹಿಂದಿನ ತಿಂಗಳ ಒಂಬತ್ತರಂದು ಲಾಗ್ ಪ್ರಕಾರ ಬಂದದ್ದು ನಲವತ್ತೊಂದು ಚಿತ್ರ. ಫೋಲ್ಡರಿನಲ್ಲಿದ್ದದ್ದು ನಲವತ್ತು. ಅಬ್ದುಲ್ ರಹ್ಮಾನ್ ಎಂಬ ಹೆಸರಿನ ಚಿತ್ರ ಆ ದಿನ ಎರಡು ಸಲ ಬಂದಿತ್ತು.

ಪಾಸ್‌ಪೋರ್ಟ್ ನಂಬರನ್ನೇ ಕಡತದ ಹೆಸರಾಗಿ ಕೊಡಬೇಕೆಂದು ಮೊದಲೇ ಹೇಳಿದ್ದೆ. ಕ್ಯೂ ಉದ್ದವಾದಾಗ ಅದನ್ನು ಟೈಪ್ ಮಾಡಲು ಡೆನ್ಜಿಲ್‌ಗೆ ಉದಾಸೀನ. ಹೆಸರು, ತಾರೀಕು ಮಾತ್ರ ಹಾಕುತ್ತಿದ್ದ. ಆ ಸಾಲಿನಲ್ಲಿ ಅಬ್ದುಲ್ ರಹ್ಮಾನರಿಗೆ ಬರವೇ? ಈ ಹೆಸರಿನ ಕಡತ ಆಗಲೇ ಇದೆ ಎಂದು ಸರ್ವರ್ ಎರಡನೆಯದನ್ನು ತಿರಸ್ಕರಿಸಿತ್ತು. ಒಂದು ಚಿತ್ರ ಹೋಗುತ್ತಿಲ್ಲ ಎಂದು ಸಂಜೆ ಡೆನ್ಜಿಲ್ ನನಗೆ ಫೋನ್ ಮಾಡಿದ್ದ. ನಾನು ಚಿಕ್ಕಪ್ಪನ ಮಗಳ ಮದುವೆಯ ಹಿಂದಿನ ದಿನದ ರೋಸ್ ಶಾಸ್ತ್ರದಲ್ಲಿದ್ದೆ; ಮದುಮಗಳಿಗೆ ತೆಂಗಿನ ಹಾಲು ಹಚ್ಚುವ ಸರದಿ ನನ್ನದು, ಎಲ್ಲರೂ ಕರೆಯುತ್ತಿದ್ದರು. ಯಾಕೆ ಏನು ಎಂದು ಕೇಳದೆ ಲ್ಯಾಪ್‌ಟಾಪ್ ತೆರೆದು, ಹಳೆಯದರ ಮೇಲೆ ಹೊಸದನ್ನು ಬರೆಯಲು ಅನುಮತಿ ಕೊಟ್ಟೆ. ಒಂದೇ ಸಾಲಿನ ಕೆಲಸ. ಎರಡನೆಯವರ ಚಿತ್ರ ಮೊದಲನೆಯವರದನ್ನು ಅಳಿಸಿ ಅದರ ಜಾಗದಲ್ಲಿ ಕೂತಿತು. ಮರುದಿನ ಡಾಕ್ಟರು ಅದೊಂದೇ ಚಿತ್ರ ನೋಡಿ ಇಬ್ಬರಿಗೂ ಫಿಟ್ ಎಂದು ಬರೆದರು.

ಅಳಿಸಿಹೋದ ಮೊದಲ ಚಿತ್ರ ಎಕ್ಸ್‌ರೇ ಯಂತ್ರದಲ್ಲಿ ಇನ್ನೂ ಇತ್ತು. ಡಾಕ್ಟರಿಗೆ ತೋರಿಸಿದೆವು. ಬಲ ಶ್ವಾಸಕೋಶದ ಮೇಲ್ಗಡೆ ಬಿಳಿ ಮಚ್ಚೆ. "ಟಿಬಿ ಇರಬಹುದು" ಎಂದು ಅವರು ಕನ್ನಡಕ ತೆಗೆದರು. ಚಿತ್ರದ ಮೂಲೆಯಲ್ಲಿದ್ದ ವಯಸ್ಸು ಹಿಡಿದು ರಿಜಿಸ್ಟರಿನಲ್ಲಿ ಹುಡುಕಿದೆವು. ಜೆಪ್ಪುವಿನವರು, ನಲವತ್ತಾರು ವರ್ಷ. ಸೌದಿಯ ದಮ್ಮಾಮಿಗೆ ಹೋಗಿ ಆಗಲೇ ಎರಡು ವಾರವಾಗಿತ್ತು.

"ಅಲ್ಲಿ ಇನ್ನೊಮ್ಮೆ ಟೆಸ್ಟ್ ಮಾಡ್ತಾರಲ್ಲ," ಡೆನ್ಜಿಲ್ ಮೆಲ್ಲಗೆ ಅಂದ. "ನಾವು ಯಾಕೆ ಬಾಯಿ ಬಿಡುವುದು?"

ಅವನ ಮೇಲೆ ರೇಗಿದೆ. ಅದೇ ಯೋಚನೆ ನನ್ನ ತಲೆಗೂ ಬಂದಿತ್ತು, ಅದಕ್ಕೇ ಅಷ್ಟು ರೇಗಿದ್ದು. ನಾಚಿಕೆಯಾಯಿತು. ರಿಜಿಸ್ಟರಿನಲ್ಲಿದ್ದ ನಂಬರಿಗೆ ನಾನೇ ಫೋನ್ ಮಾಡಿದೆ. ಎತ್ತಿದವರು ಅವರ ಹೆಂಡತಿ ಮುಮ್ತಾಝ್. ತಪ್ಪು ನನ್ನದು ಎಂಬುದನ್ನೂ ಸೇರಿಸಿ ಎಲ್ಲ ಹೇಳಿದೆ. ಬೈಯಲಿ ಎಂದು ಕಾದೆ.

"ಹೋಗುವ ಮೊದಲೇ ಅವರಿಗೆ ಕೆಮ್ಮು ಇತ್ತು," ಎಂದರು ಅವರು. "ದೊಡ್ಡ ಡಾಕ್ಟ್ರಿಗೆ ತೋರಿಸುವ ಅಂತ ನಾನು ಎಷ್ಟು ಹೇಳಿದ್ದೆ. ನಿಮ್ಮ ರಿಪೋರ್ಟ್ ಸಿಕ್ಕಿದ ಮೇಲೆ, ನನಗೆ ಎಂತದೂ ಇಲ್ಲ ನೋಡು ಅಂತ ನಗಾಡಿದ್ರು."

"ಇವತ್ತೇ ಅಲ್ಲಿ ಆಸ್ಪತ್ರೆಗೆ ಹೋಗ್ಲಿಕ್ಕೆ ಹೇಳಿ."

"ಹೇಳ್ತೇನೆ." ಮತ್ತೆ ಅವರೇ ಕೇಳಿದರು. "ಮೇಡಂ, ಸಣ್ಣವಳು ಬಾಪನ ಎದೆ ಮೇಲೆಯೇ ಮಲಗುವುದಿತ್ತು. ನಾಲ್ಕು ದಿನದಿಂದ ಅವಳಿಗೂ ಕೆಮ್ಮು ಉಂಟು. ನಿಮ್ಮಲ್ಲಿ ಮಕ್ಕಳಿಗೂ ಫೋಟೋ ತೆಗೀತೀರಾ?"

ಈಗಲೇ ಕರೆದುಕೊಂಡು ಬನ್ನಿ ಎಂದೆ. ಯಂತ್ರ ಆನ್ ಇರಲಿ ಎಂದು ಡೆನ್ಜಿಲ್‌ಗೆ ಹೇಳಿದೆ.