ಎರಡು ಕೆಮ್ಮು

ಪರಮಾನಂದನಿಗೆ ಬಾಯ್ಲರಿನ ಉರಿ ಕಾಣದೆ ನಾಲ್ಕು ತಿಂಗಳಾಗಿತ್ತು. ಕಣ್ಣಿನ ನರ ಒಣಗಿದೆ, ಹೋದ ದೃಷ್ಟಿ ಮರಳುವುದಿಲ್ಲವೆಂದು ಡಾಕ್ಟರು ಹೇಳಿದ್ದು ಮಗಳು ಪಲ್ಲವಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಹೊರ್ತಿ ರಸ್ತೆಯ ಒಣದ್ರಾಕ್ಷಿ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುವ ಅವನ ಇಪ್ಪತ್ತೆರಡು ವರ್ಷದ ನೌಕರಿ ಈಗ ಆ ಗುಟ್ಟಿನ ಮೇಲೆ ನಿಂತಿತ್ತು.

ಬಿ.ಎ. ಮುಗಿಸಿ ಮನೆಯಲ್ಲಿದ್ದ ಪಲ್ಲವಿ ದಿನಾ ಬೆಳಿಗ್ಗೆ ಬುತ್ತಿ ಕೊಡುವ ನೆಪದಲ್ಲಿ ಬಂದು ಬಾಯ್ಲರಿನ ಗಾಜಿನ ಕಿಂಡಿಗೆ ಕಣ್ಣಿಡುತ್ತಿದ್ದಳು. ಉರಿ ಹಣ್ಣು ನಿಂಬೆಯ ಬಣ್ಣಕ್ಕಿದ್ದರೆ ಒಂದು ಕೆಮ್ಮು. ಒಣಮೆಣಸಿನಕಾಯಿಯಂತೆ ಕೆಂಪಗಿದ್ದರೆ ಎರಡು. ನಾಲ್ಕು ಮಂದಿಯ ಮುಂದೆ ಬಾಯಿ ಬಿಡದ ಹುಡುಗಿ. ಕೆಮ್ಮಾದರೂ ಬಂದೀತು ಎಂದು ಅಪ್ಪನೇ ಮಾಡಿದ ಏರ್ಪಾಡು.

“ಎಣ್ಣಿ ಉರಿಯೂದಿಲ್ಲವ್ವ, ಎಣ್ಣಿ ಮಂಜು ಉರೀತೈತಿ,” ಎಂದು ಹೇಳಿಕೊಟ್ಟಿದ್ದ. “ಕಾಸಿ ತೆಳ್ಳಗ ಮಾಡಿದ್ರ ನಾಜಲ್ ಸಣ್ಣಗ ಉಗುಳತೈತಿ. ತಣ್ಣಗಿದ್ರ ಹನಿ ದಪ್ಪ. ದಪ್ಪ ಹನಿ ಅರ್ಧಾ ಸುಟ್ಟು ಉರಿ ಕೆಂಪಾಗಿ ಮಸಿ ಆಕ್ಕೈತಿ.”

ಅವಳು ಹೋದ ಮೇಲೆ ಉರಿ ಕೆಟ್ಟರೆ ನೋಡುವವರಿರಲಿಲ್ಲ. ವಾರದಿಂದ ದ್ರಾಕ್ಷಿಯ ಮೇಲೆ ಮಸಿ ಬೀಳುತ್ತಿತ್ತು. ಆ ಚಳಿಯ ಬೆಳಿಗ್ಗೆ ಮಾಲೀಕ ಗುರುಲಿಂಗಪ್ಪ ಒಬ್ಬ ಇಂಜಿನಿಯರನ್ನು ಕರೆದುಕೊಂಡು ಬಾಯ್ಲರ್ ಕೋಣೆಗೇ ಬಂದ.

“ಪರಮಾನಂದ, ಉರಿ ನೋಡಿ ಹೇಳೋ. ಹೆಂಗೈತಿ?”

ಪರಮಾನಂದ ಕಿಂಡಿಗೆ ಮುಖವಿಟ್ಟ. ಪಲ್ಲವಿ ಆಗಷ್ಟೇ ನೋಡಿದ್ದಳು: ಕಡುಕೆಂಪು. ಕೆಮ್ಮುವುದರೊಳಗೆ ಇವರು ಬಂದುಬಿಟ್ಟಿದ್ದರು. ಎರಡು ಕೆಮ್ಮು, ಅಷ್ಟೇ ಬೇಕಿತ್ತು. ಇಂಜಿನಿಯರು ಸುಮ್ಮನೆ ಅವಳ ಕಡೆ ತಿರುಗಿದ. ಅವಳು ತಲೆ ತಗ್ಗಿಸಿ ಬುತ್ತಿಯ ಗಂಟು ಬಿಗಿ ಮಾಡತೊಡಗಿದಳು.

“ಲಗೂ ಹೇಳೋ ಮಾರಾಯಾ. ಕನ್ಯಾ ನೋಡಾಕ ಬಂದಾಂವ್ನಂಗ ನಿಂತಿ,” ಗುರುಲಿಂಗಪ್ಪ ಅವಸರ ಮಾಡಿದ.

ಪರಮಾನಂದ ಇನ್ನೊಂದು ಗಳಿಗೆ ಕಿವಿಗೊಟ್ಟು ಕಾದ.

“ಹಣ್ಣ ನಿಂಬಿಕಾಯಿ ಬಣ್ಣ ಐತ್ರಿ ಸಾವ್ಕಾರ್ರ. ಛಲೋ ಉರಿಯಾಕತ್ತೈತಿ.”

ಇಂಜಿನಿಯರು ಬಗ್ಗಿ ನೋಡಿದ. ಗುರುಲಿಂಗಪ್ಪನಿಗೆ ಜಾಗ ಬಿಟ್ಟ. ಗುರುಲಿಂಗಪ್ಪನೂ ನೋಡಿದ. ಆಮೇಲೆ ಪರಮಾನಂದನ ಮುಖದ ಮುಂದೆ ಕೈ ಆಡಿಸಿದ. ರೆಪ್ಪೆ ಮಿಟುಕಲಿಲ್ಲ.

“ಎಷ್ಟ ದಿನಾ ಆತೋ?” ದನಿ ಇಳಿದಿತ್ತು.

“ಗಣಪತಿ ಹಬ್ಬದಿಂದ್ರಿ.”

“ಒಳಗ ಐವತ್ತ ಮಂದಿ ಕೆಲಸ ಮಾಡ್ತಾರಪ್ಪ. ನಾಳಿಂದ ಬರಬ್ಯಾಡ.” ಅವನು ಪಲ್ಲವಿಯತ್ತ ನೋಡಿದ. “ಓದಿದ ಮಗಳು ಬಾಜೂಕ ನಿಂತಾಳ. ನಾವು ಬಂದಾಗ ಕಿಂಡ್ಯಾಗ ನೋಡಾಕತ್ತಿದ್ದಿ; ಕೆಂಪೈತಿ ಅಂತ ಒಂದ ಮಾತ ಅನ್ನಾಕ ಬರಲಿಲ್ಲೇನವ್ವಾ ನಿನಗ?”

ಮನೆಯ ದಾರಿಯಲ್ಲಿ ಅಪ್ಪನ ಕೈ ಅವಳ ಹೆಗಲ ಮೇಲಿತ್ತು. ಬುತ್ತಿಯ ಗಂಟು ಬಿಚ್ಚಿರಲಿಲ್ಲ. ಇಬ್ಬರೂ ನಿಂಬೆ ತೋಟ ದಾಟಿದರು.

“ಕೆಮ್ಮು ಬರಲಿಲ್ಲೇನವ್ವ?” ಅವನು ಕೇಳಿದ.

ಪಲ್ಲವಿ ಇಲ್ಲವೆಂದು ತಲೆಯಾಡಿಸಿದಳು. ಅವನು ಉತ್ತರಕ್ಕೆ ಕಾಯುತ್ತಲೇ ನಡೆದ.