ಕಪ್ಪೆಯೊಳಗಿನ ಬಾಡಿಗೆದಾರ

ಒಂದಿತ್ತಂತೆ ಕಪ್ಪೆ. ವರ್ಷದಲ್ಲಿ ಎಂಟು ತಿಂಗಳು ಒಣ ಮಣ್ಣಿನಡಿ ಅದಕ್ಕೆ ಊಟವಿಲ್ಲ, ನೀರಿಲ್ಲ, ನಿದ್ದೆಯೊಂದೇ. ಅದರ ಕೊನೆಗರುಳಿನಲ್ಲಿ ಕೂದಲೆಳೆಯಂಥ ಒಂದು ಹುಳು ಬಾಡಿಗೆಗಿತ್ತಂತೆ. ಮನೆಯೊಡೆಯ ಏಳುವವರೆಗೆ ಬಾಡಿಗೆದಾರನಿಗೂ ಹೊರಬರಲು ದಾರಿಯಿಲ್ಲ.

ನಾನು ಅಜ್ಜಿಗೆ ಹೇಳಿದ ಮೊದಲ ಕಥೆ ಇದು. ಅಲ್ಲಿಯವರೆಗೆ ಹೇಳುವುದು ಅವಳ ಪಾಲು, ಹೂಂಗುಟ್ಟುವುದು ನನ್ನ ಪಾಲು.

"ರಾಜಕುಮಾರ ಎಲ್ಲೇ?" ಎಂದಳು.

"ಆ ಹುಳುನೇ ಅಜ್ಜಿ."

"ಇದನ್ನ ನೋಡೋಕೆ ನಿಂಗೆ ಸಂಬಳ ಬೇರೆ ಕೊಡ್ತಾರಾ?"

ಕೊಡುತ್ತಿದ್ದರು. ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದ ಹಿಂಬದಿ ಕೋಣೆಯಲ್ಲಿ ಮೇಡಂ ಮೂವತ್ತು ವರ್ಷದಿಂದ ಕಪ್ಪೆಯ ಹುಳುಗಳ ಪುಸ್ತಕ ಬರೆಯುತ್ತಿದ್ದರು; ಅದಕ್ಕೆ ಚಿತ್ರ ಬರೆಯುವುದು ನನ್ನ ಕೆಲಸ. ಕಪ್ಪೆಯನ್ನು ಕೊಯ್ಯುವುದನ್ನು ಅವರು ಎಂದೋ ಬಿಟ್ಟಿದ್ದರು. ಹಿಡಿದ ಕಪ್ಪೆಯನ್ನು ಒಂದು ದಿನ ಒದ್ದೆ ಬಟ್ಟೆಯ ಮೇಲೆ ಕೂರಿಸಿ, ಅದರ ಹಿಕ್ಕೆಯಲ್ಲಿ ಹುಳು ಬಿತ್ತೋ ನೋಡಿ, ಮತ್ತೆ ಬಿಟ್ಟುಬಿಡುವುದು. "ಅದು ತಾನಾಗಿ ಕೊಟ್ಟಿದ್ದನ್ನ ತಗೋಬೇಕು" ಎನ್ನುತ್ತಿದ್ದರು.

ಹೆಣ್ಣುಹುಳುಗಳೆಲ್ಲ ಒಂದೇ ಅಚ್ಚಿನವು. ಗಂಡಿನ ಬಾಲದ ಮೇಲಿನ ಪುಟ್ಟ ಗುಳ್ಳೆಗಳ ಸಾಲು ನೋಡಿದರೆ ಮಾತ್ರ ಯಾವ ಜಾತಿಯೆಂದು ಹೇಳಬಹುದು. ಅಂಥ ಗಂಡು ಸಿಕ್ಕಿದ್ದು ಮೂವತ್ತು ವರ್ಷದಲ್ಲಿ ಒಂದೇ ಒಂದು, ಹೋದ ಮಳೆಗಾಲದಲ್ಲಿ. ಹಬೆಯಾಡುವ ಸ್ಪಿರಿಟ್ಟಿಗೆ ಹಾಕಿದರೆ ಹುಳು ಕಡ್ಡಿಯಂತೆ ನೇರವಾಗುತ್ತದೆ, ತಣ್ಣಗಿನದಕ್ಕೆ ಹಾಕಿದರೆ ಸುರುಳಿ ಸುತ್ತಿಕೊಂಡು ಬಾಲದ ಗುಳ್ಳೆಗಳು ಕಾಣದಾಗುತ್ತವೆ. ಇದು ಈ ಕೆಲಸದ ಅ ಆ ಇ ಈ. ನಾನೋ, ಚಿಮುಟ ಕೈಯಲ್ಲಿ ಹಿಡಿದು, ಈ ಹುಳುವಿಗೆ ಏಳು ಜನ ಅಕ್ಕಂದಿರಿದ್ದರೆ ಹೇಗಿರುತ್ತಿತ್ತು ಎಂದು ಯೋಚಿಸುತ್ತ ಕೂತೆ. ಐದನೇ ಅಕ್ಕನ ಮದುವೆ ಮುಗಿಯುವಷ್ಟರಲ್ಲಿ ಸ್ಪಿರಿಟ್ ಆರಿ ತಣ್ಣಗಾಗಿತ್ತು. ಅದಕ್ಕೇ ಹಾಕಿಬಿಟ್ಟೆ.

ವಿಭಾಗದ ಜಾಡಿಗಳನ್ನು ನೋಡಿಕೊಳ್ಳುವ ಜಾಡಿಯಣ್ಣ ಬಗ್ಗಿ ನೋಡಿದರು. "ಭೇಷ್ ತಂಗಿ, ಸೊಳ್ಳೆಬತ್ತಿ ಮಾಡಿಬಿಟ್ಟೆ. ಇನ್ನು ಕಡ್ಡಿ ಗೀರೋದೊಂದೇ ಬಾಕಿ."

ಮೇಡಂ ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಆ ಗಂಡಿಗೆಂದಿಟ್ಟಿದ್ದ ನಲವತ್ತೊಂದನೇ ಚಿತ್ರದ ಹಾಳೆಯನ್ನು ಖಾಲಿಯಾಗಿಯೇ ಕಡತದಲ್ಲಿಟ್ಟರು. "ಪುಸ್ತಕ ಅಚ್ಚಿಗೆ ಹೋಗೋದರೊಳಗೆ ಬರೆದುಕೊಡ್ತೀನಿ ಮೇಡಂ" ಎಂದೆ.

ಈ ವರ್ಷ ಮಳೆ ತಡವಾಯಿತು. ಮೇಡಂ ನಿವೃತ್ತಿಯ ದಿನ ಹತ್ತಿರ ಬಂತು. ಬುಧವಾರ ಪುಸ್ತಕ ಅಚ್ಚಿಗೆ. ಶನಿವಾರ ಮಧ್ಯಾಹ್ನ ಕೊನೆಗೂ ಮಳೆ ಹೊಯ್ದಿತು. ಭಾನುವಾರ ಬೆಳಗ್ಗೆ ಜಾಡಿಯಣ್ಣನ ಜೊತೆ ಹಳ್ಳ, ಚರಂಡಿ ಎಲ್ಲ ಜಾಲಾಡಿ, ಮೊಣಕಾಲವರೆಗೆ ಕೆಸರು ಮೆತ್ತಿಕೊಂಡು ಬರಿಗೈಯಲ್ಲಿ ಮನೆಗೆ ಬಂದೆ.

"ನಿನ್ನ ನೆಂಟರು ಬಂದಿದಾರೆ" ಎಂದಳು ಅಜ್ಜಿ. "ನಿನ್ನೆ ಸಂಜೆಯಿಂದ ಬಚ್ಚಲಲ್ಲೇ ಠಿಕಾಣಿ. ಓಡಿಹೋಗದಿರಲಿ ಅಂತ ಬೋಗುಣಿ ಕವುಚಿದೀನಿ. ಕೆಳಗೆ ಒದ್ದೆ ಬಟ್ಟೆನೂ ಹಾಸಿದೀನಿ, ನಿಮ್ಮ ಮೇಡಂ ಶಾಸ್ತ್ರ ತಪ್ಪಬಾರದಲ್ಲ."

ಬೋಗುಣಿ ಎತ್ತಿದೆ. ಉಂಡಾಡಿ ಗುಂಡನಂಥ ಕಪ್ಪೆ ಬಟ್ಟೆಯ ನಡುವೆ ಕೂತು ನನ್ನನ್ನೇ ನೋಡಿತು. ಪಕ್ಕದಲ್ಲಿ ಹಿಕ್ಕೆ. ಅದನ್ನು ಗಾಜಿನ ಬಟ್ಟಲಿನ ನೀರಿನಲ್ಲಿ ಬಿಡಿಸಿ ಮಸೂರ ಹಿಡಿದರೆ ಮೂರು ಬಿಳಿ ಎಳೆಗಳು ಮಿಸುಕಾಡುತ್ತಿದ್ದವು. ಎರಡು ದಪ್ಪ. ಮೂರನೆಯದು ಚಿಕ್ಕದು, ಬಾಲ ಕೊಕ್ಕೆಯಂತೆ ಬಾಗಿದ್ದು. ಗಂಡು.

ಹೆಚ್ಚು ಹೊತ್ತು ಬರೀ ನೀರಿನಲ್ಲಿದ್ದರೆ ಇವು ಉಬ್ಬಿ ಒಡೆದುಹೋಗುತ್ತವೆ. ಕಾಲೇಜಿಗೆ ಬೀಗ. ಚೀಲದಲ್ಲಿದ್ದ ಸ್ಪಿರಿಟ್ಟಿನ ಸೀಸೆ ತೆಗೆದು ಮುಚ್ಚಳ ತಿರುಗಿಸಿದೆ.

ಅಜ್ಜಿ ಮಣಿಕಟ್ಟು ಹಿಡಿದಳು. "ಅದು ಬಿಸಿಯಿದೆಯೇನೇ?"

"ಇಲ್ಲ..."

"ತಣ್ಣಗಿರೋದಕ್ಕೆ ಹಾಕಿ ಕೆಟ್ಟೆ ಅಂತ ವರ್ಷವಿಡೀ ನನ್ನ ತಲೆ ತಿಂದವಳು ನೀನೇ ತಾನೆ?"

ಮಂಡಿನೋವಿನ ಶಾಖಕ್ಕೆಂದು ಒಲೆಯ ಮೇಲಿಟ್ಟ ನೀರು ಕುದಿಯುತ್ತಿತ್ತು. ಹುಳು ನೇರವಾಗಲು ಬಿಸಿಯಿದ್ದರೆ ಸಾಕು, ನೀರಾದರೂ ಆದೀತು. ಬಟ್ಟಲನ್ನು ಬಾಗಿಸಿ ತಣ್ಣೀರನ್ನು ಬಸಿದೆ. ಹಬೆಯಾಡುವ ನೀರನ್ನು ಅಜ್ಜಿ ಒಂದೇ ಸಲಕ್ಕೆ ಸುರಿದಳು. ನಾನು ಯಾವ ಅಕ್ಕನನ್ನೂ ನೆನೆಯದೆ ನೋಡಿದೆ. ಹುಳು ಒಮ್ಮೆ ಹೊರಳಿ, ನೀಟಾಗಿ ನೇರವಾಯಿತು. ಬಾಲದ ತುದಿಯಷ್ಟೇ ತನ್ನ ಬಾಗು ಬಿಡಲಿಲ್ಲ. ಆಮೇಲೆ ಅದನ್ನು ಸೀಸೆಗೆ ಇಳಿಸಿದೆ.

"ಇದಾ ರಾಜಕುಮಾರ?" ಅಜ್ಜಿ ಮಸೂರದಲ್ಲಿ ಇಣುಕಿದಳು. "ಮೂಗೂ ಇಲ್ಲ, ಮೀಸೆನೂ ಇಲ್ಲ."

ಕಪ್ಪೆಯನ್ನು ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಬಿಟ್ಟು ಬಂದೆವು.

ಸೋಮವಾರ ಹುಳುವನ್ನು ಗ್ಲಿಸರಿನ್ನಿನಲ್ಲಿಟ್ಟೆ. ಮಂಗಳವಾರಕ್ಕೆ ಅದು ಗಾಜಿನಂತೆ ತಿಳಿಯಾಯಿತು. ಸೂಕ್ಷ್ಮದರ್ಶಕದಡಿ ಬಾಲದ ಎರಡು ಬದಿಗೂ ಗುಳ್ಳೆಗಳು, ಮಣಿ ಪೋಣಿಸಿದ ಹಾಗೆ. ಜಾಡಿಯಣ್ಣ ಬಾಗಿಲಲ್ಲಿ ನಿಂತು, "ಯಾರೂ ಅವಳಿಗೆ ಕಥೆ ಹೇಳಬೇಡಿ" ಎಂದು ಬಂದವರನ್ನೆಲ್ಲ ವಾಪಸು ಕಳಿಸಿದರು. ಒಂದೊಂದನ್ನೂ ಮೂರು ಸಲ ಎಣಿಸಿ ಬರೆದೆ.

ಬುಧವಾರ ಬೆಳಗ್ಗೆ ಬಿಸಿನೀರಿನ ಸಂಗತಿ ಹೇಳಿ ಹಾಳೆಯನ್ನು ಮೇಡಂ ಮುಂದಿಟ್ಟೆ. ಅವರು ಕನ್ನಡಕ ಹಣೆಗೇರಿಸಿ, ಚಿತ್ರವನ್ನು ಮೂಗಿನ ಹತ್ತಿರ ತಂದು, ಗುಳ್ಳೆಗಳನ್ನು ಪೆನ್ಸಿಲ್ ತುದಿಯಿಂದ ತಾವೂ ಎಣಿಸಿದರು. ಮತ್ತೆ ಎಣಿಸಿದರು.

"ನೀರು ಕಾಯಿಸಿದ್ದು ಯಾರು?"

"ಅಜ್ಜಿ, ಮೇಡಂ."

ಅವರು ಚಿತ್ರದಡಿ 'ನಲವತ್ತೊಂದು' ಎಂದು ಬರೆದರು. ಕೃತಜ್ಞತೆಯ ಪುಟ ತೆಗೆದು ಕೊನೆಯಲ್ಲಿ ಒಂದು ಸಾಲು ಸೇರಿಸಿದರು. ಖಾಲಿ ಹಾಳೆಯನ್ನು ಹೊರತೆಗೆದು, ಅದರ ಜಾಗದಲ್ಲಿ ನನ್ನ ಚಿತ್ರವನ್ನಿಟ್ಟು, ಕಡತದ ದಾರ ಬಿಗಿದು ಗಂಟು ಹಾಕಿದರು.